ಮಾವನ ಬುಷ್ಷೂ ಅತ್ತೆಯ ಮಿಷನ್ನೂ

ನನ್ನ ಸೋದರಮಾವನಿಗೆ ಮನುಷ್ಯರ ಮಾತು ಕೇಳಿಸುವುದಿಲ್ಲ. ಕಿವುಡೇ? ಛೆ ಛೆ! ಪಕ್ಕದ ಬೀದಿಯ ಫ್ಯಾನು ಕಿರ್ ಎಂದರೆ ಊಟದ ತಟ್ಟೆ ಬಿಟ್ಟು ಏಳುತ್ತಾರೆ! ಜೋಗುಪಾಳ್ಯದಲ್ಲಿ ಅವರದೊಂದು ಲೋಹ ಕಡೆಯುವ ಲೇತ್ ಅಂಗಡಿ, ಅದರ ಮೇಲೇ ಮನೆ. ಯಂತ್ರಗಳಲ್ಲಿ ತಿರುಗುವ ಶಾಫ್ಟುಗಳಿಗೆ ಬಳೆಯಂತೆ ತೊಡಿಸುವ ಬುಷ್ ಮಾಡುವುದು ಅವರ ಕಸುಬು. ಅದೂ ಎಂಥ ಬುಷ್? ಅಲ್ಯೂಮಿನಿಯಂಗೆ ತವರ ಬೆರೆಸಿದ್ದು!

"ಬುಷ್ ಅಂದ್ರೆ ಕಂಚಿಂದಲ್ವಾ ಮಾವ? ಅಲ್ಯೂಮಿನಿಯಂ ಅನ್ನದ ಪಾತ್ರೆಗೆ!" ಎಂದು ಒಮ್ಮೆ ಕೆಣಕಿ ಕೆಟ್ಟೆ.

"ಪಾತ್ರೆನಾ? ಮುಟ್ಟಿ ನೋಡೇ! ಒಳಗಿರೋ ತವರ ಮೆತ್ತಗೆ, ಜಾರುತ್ತೆ. ಒಂದ್ಗಳಿಗೆ ಎಣ್ಣೆ ಇಲ್ದಿದ್ರೂ ಶಾಫ್ಟ್ ಕಚ್ಕೊಳಲ್ಲ. ಕಸ ಬಿದ್ರೆ ತನ್ನೊಳಗೇ ಹುದುಗಿಸ್ಕೊಳ್ಳುತ್ತೆ, ಶಾಫ್ಟಿಗೆ ಒಂದು ಗೀರು ಬೀಳೋಕೆ ಬಿಡಲ್ಲ!" ನನ್ನ ಕಾಫಿ ಆರಿ ಕೆನೆಗಟ್ಟಿತು. ಮಾವ ಇನ್ನೂ ಪೀಠಿಕೆಯಲ್ಲೇ ಇದ್ದರು.

ಕಳೆದ ವರ್ಷ ಹಲಸೂರಿನ ಛತ್ರದಲ್ಲಿ ನನ್ನ ಮದುವೆ. ಹೆಣ್ಣನ್ನು ಮಂಟಪಕ್ಕೆ ಕರೆತರಬೇಕಾದವರು ಸೋದರಮಾವ ತಾನೆ? "ಸೋದರಮಾವ ಎಲ್ರೀ? ಮುಹೂರ್ತ ಮೀರ್ತಿದೆ!" ಎಂದು ಪುರೋಹಿತರು ಕೂಗಿದ್ದೇ ಕೂಗಿದ್ದು. ಮಾವ ಸಿಕ್ಕಿದ್ದು ಅಡುಗೆಮನೆಯಲ್ಲಿ, ಚಟ್ನಿ ಗ್ರೈಂಡರಿನ ಅಡಿಯಲ್ಲಿ, ರೇಷ್ಮೆ ಪಂಚೆಯಲ್ಲಿ ಅಂಗಾತ ಮಲಗಿ! ಅದೇ ಕೈಯಲ್ಲಿ ನನ್ನ ಕೈ ಹಿಡಿದು ಬಂದರು. ಧಾರೆ ಸೀರೆಯ ಸೆರಗಿನಲ್ಲಿ ಗ್ರೀಸಿನ ಐದು ಬೆರಳಿನ ಗುರುತು ಇವತ್ತಿಗೂ ಇದೆ.

ಈ ಹುಚ್ಚು ವಿಪರೀತವಾಗಿದ್ದು ಎರಡು ವರ್ಷದ ಹಿಂದೆ. ಅತ್ತೆ ಹೊಲಿಗೆ ಮಿಷನ್ ಮುಂದೆ ತಲೆ ಸುತ್ತಿ ಬಿದ್ದಿದ್ದರು. ಕೆಳಗಿದ್ದ ಮಾವನಿಗೆ ಗೊತ್ತಾಗಿದ್ದು ಅರ್ಧ ಗಂಟೆಯ ಮೇಲೆ. ಅತ್ತೆ ಹುಷಾರಾದರು, ಮಾವ ಕೆಟ್ಟರು! ಲೇತಿಗೆ ಹೊಸ ಬುಷ್, ಉಯ್ಯಾಲೆಗೆ ಬುಷ್, ಗೇಟಿಗೂ ಬುಷ್. ಅಂಗಡಿಯಲ್ಲೇ ಬಿಂದಿಗೆಯಿದ್ದರೂ "ನೀರು ಕೊಡೇ" ಎಂದು ದಿನಕ್ಕೆ ಹತ್ತು ಸಲ ಮಹಡಿ ಹತ್ತುವುದು ಬೇರೆ!

ಮನೆಯಲ್ಲಿ ಉಳಿದದ್ದು ಒಂದೇ ಸದ್ದು, ಅತ್ತೆಯ ಕಾಲು ಮಿಷನ್ನಿನ ಕಿರ್ರ್. ಬುಷ್ ಸವೆದು, ಎಣ್ಣೆ ಕುಡಿದೂ ಕಿರುಚುತ್ತಿತ್ತು.

"ಊರಿನ ಮಿಷನ್ನಿಗೆಲ್ಲ ಬುಷ್! ಕಟ್ಕೊಂಡೋಳ ಮಿಷನ್ ಮಾತ್ರ ಕಣ್ಣಿಗೆ ಬೀಳಲ್ಲ. ನಾನಂದ್ರೆ ಅಷ್ಟೇ ಕಣೇ ಇವ್ರಿಗೆ," ಎಂದು ಅತ್ತೆ ಕಣ್ಣೊರೆಸಿಕೊಂಡರು. ನನಗೆ ಮಾವನ ಮೇಲೆ ಸಿಟ್ಟು ನೆತ್ತಿಗೇರಿತು.

ಮೊನ್ನೆ ಮಾವ ಶಿವಾಜಿನಗರಕ್ಕೆ ಸಾಮಾನು ತರಲು ಹೋದಾಗ ಅವರದೇ ಡಬ್ಬಿಯಿಂದ ಅಳತೆಗೆ ಸರಿಹೋಗುವ ಬುಷ್ ಹುಡುಕಿ, ಸವೆದದ್ದನ್ನು ಕಿತ್ತು ನಾನೇ ಕೂರಿಸಿಬಿಟ್ಟೆ! ಚಿಕ್ಕಂದಿನಿಂದ ಆ ಅಂಗಡಿಯಲ್ಲೇ ಆಡಿದವಳಲ್ಲವೇ? ಅತ್ತೆ ತುಳಿದರು. ಆಹಾ! ಪಿಟ್ಟೆನ್ನಲಿಲ್ಲ! ಅತ್ತೆ ಸಂಭ್ರಮದಿಂದ ಹೊಲಿಯುತ್ತಲೇ ಇದ್ದರು.

ಮಾವ ಬಂದು ಲೇತ್ ಹಾಕಿದ್ದು ಕೇಳಿಸಿತು. ಐದು ನಿಮಿಷ ಆಗಿರಲಿಲ್ಲ, ಮೆಟ್ಟಿಲ ಮೇಲೆ ದಡದಡ! ಚಪ್ಪಲಿ ಕಾಲಲ್ಲೇ ಒಳಗೆ ನುಗ್ಗಿದರು. ಮುಖದಲ್ಲಿ ರಕ್ತವಿರಲಿಲ್ಲ. ಕೆಳಗೆ ಲೇತ್ ಸುಮ್ಮನೆ ತಿರುಗುತ್ತಿತ್ತು, ಜನ್ಮದಲ್ಲಿ ಅವರು ಹಾಗೆ ಬಿಟ್ಟು ಬಂದವರಲ್ಲ.

"ಏನ್ರೀ, ಏನಾಯ್ತು?"

"ಸದ್ದೇ ಇಲ್ವಲ್ಲೇ!" ಮಾವ ಬಾಗಿಲು ಹಿಡಿದು ಅಲ್ಲೇ ಕುಸಿದು ಕುಳಿತರು. "ಮನೇಲಿ ಮಿಕ್ಕಿದ್ದೆಲ್ಲ ಬಾಯ್ಮುಚ್ಕೊಂಡಿದ್ರೆ ತಾನೆ ನಿನ್ ಮಿಷನ್ ಕೆಳಕ್ಕೆ ಕೇಳ್ಸೋದು? ಅದಕ್ಕೇ ಅಲ್ವೇನೇ ಎಲ್ಲಾ..."

ಅತ್ತೆ ಮಿಷನ್ನಿನಿಂದ ಕಾಲು ತೆಗೆದರು. ಆಮೇಲೆ ನನ್ನ ಕಡೆ ತಿರುಗಿ ಕೈ ಚಾಚಿದರು.

"ಆ ಹಳೇ ಬುಷ್ ಎಲ್ಲಿಟ್ಟಿದೀಯೇ? ಕೊಡು."