ಸಡಿಲ ತಂತಿಯೂ ಅನಾನಸ್ ಗೊಜ್ಜೂ

ಹೊಟ್ಟೆಕಿಚ್ಚು ಒಳ್ಳೆಯದಲ್ಲ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಪಕ್ಕದವರು ಹೊಸ ಕಾರು ಕೊಂಡರೆ, ಗೆಳತಿಯ ಮಗಳು ಶಾಲೆಗೇ ಮೊದಲು ಬಂದರೆ, ಯಾರದೋ ಕಂಪನಿಯ ಶೇರು ಏರಿ ಏರಿ ಕಣ್ಣಿಗೆ ಕಾಣದಂತಾದರೆ ನನ್ನ ಹೊಟ್ಟೆ ತಣ್ಣಗೇ ಇರುತ್ತದೆ. ಆದರೆ ಯಾರಾದರೂ ಟೀವಿ ನೋಡಿಕೊಂಡು, ಕೈ ಕಡೆ ಕಣ್ಣು ಕೂಡ ಹಾಯಿಸದೆ, ಮೊಳಗಟ್ಟಲೆ ಮಲ್ಲಿಗೆ ಕಟ್ಟಿ ಪಕ್ಕಕ್ಕಿಟ್ಟರೆ ನನಗೆ ತಡೆಯಲಾಗುವುದಿಲ್ಲ. ಊರ ಮಾತೆಲ್ಲ ಆಡುತ್ತಲೇ ಗುಂಡಗೆ ಚಪಾತಿ ಲಟ್ಟಿಸುವವರು, ಅಳತೆಯಿಲ್ಲದೆ ಉಪ್ಪು ಹಾಕಿ ರುಚಿಯನ್ನೂ ನೋಡದೆ ಒಲೆ ಆರಿಸುವವರು, ಇವರನ್ನು ಕಂಡರೆ ಒಳಗೊಳಗೇ ಉರಿದುಹೋಗುತ್ತೇನೆ. ನನ್ನ ಕೈಗೆ ಒಲಿದಿರುವುದು ಒಂದೇ ಕೆಲಸ, ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು. ಪುಣ್ಯಕ್ಕೆ ಅಮೆರಿಕದವರು ಅದಕ್ಕೆ ಟೆಸ್ಟಿಂಗ್ ಎಂದು ಹೆಸರಿಟ್ಟು ಸಂಬಳ ಕೊಡುತ್ತಿದ್ದರು.

ಈ ಉರಿಗೆ ತುಪ್ಪ ಸುರಿದವರು ನಮ್ಮ ಅತ್ತೆ. ಮೈಸೂರಿನಲ್ಲಿ ಅರ್ಧ ಬೀದಿಗೆ ವೀಣೆ ಹೇಳಿಕೊಟ್ಟವರು ಅವರು. ಮದುವೆಯಾದ ಹೊಸದರಲ್ಲಿ ನನ್ನನ್ನೂ ವೀಣೆಯ ಮುಂದೆ ಕೂರಿಸಿದರು. ಒಂದು ತಿಂಗಳು ಹಲ್ಲುಕಚ್ಚಿ ಸಹಿಸಿಕೊಂಡರು. ಆಮೇಲೊಂದು ದಿನ ವೀಣೆಗೆ ನಿಧಾನವಾಗಿ ಗವಸು ತೊಡಿಸುತ್ತಾ, "ನಿನ್ನಲ್ಲಿ ಒಳ್ಳೆ ಗುಣ ಬೇಕಾದಷ್ಟಿದೆ ಕಣೇ ವತ್ಸಲಾ, ಶ್ರುತಿಜ್ಞಾನ ಒಂದು ಬಿಟ್ಟು" ಅಂದರು. ನೇರವಾಗಿ ಬೈದಿದ್ದರೆ ನಾನು ಮರೆತುಬಿಡುತ್ತಿದ್ದೆ. ಹೊಗಳಿಕೆಯೊಳಗೆ ಮಡಿಸಿ ಕೊಟ್ಟರು ನೋಡಿ, ಒಂಬತ್ತು ವರ್ಷ ಚುಚ್ಚುತ್ತಲೇ ಇತ್ತು. ಒಂದೇ ಒಂದು ಹಾಡನ್ನು ಪೂರ್ತಿ ನುಡಿಸಿ ಈ ಅತ್ತೆಯ ಬಾಯಿಂದ ಒಂದು ಸಲ ಭೇಷ್ ಅನ್ನಿಸಿಕೊಳ್ಳದೆ ಬಿಡುವುದಿಲ್ಲ ಎಂದು ಆಗಲೇ ಹಠ ಹಿಡಿದೆ. ಯಾವ ಹಾಡು, ಯಾವ ವಾದ್ಯ ಎನ್ನುವುದು ಮಾತ್ರ ಗೊತ್ತಿರಲಿಲ್ಲ.

ಆಗ ನಾವು ಅಮೆರಿಕದ ಕ್ಯಾಂಪ್‌ಬೆಲ್ಲಿನಲ್ಲಿ, ಮಹಡಿ ಮೇಲಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಡಾಟ್‌ಕಾಮಿನ ಕಾಲ. ನನ್ನ ಕಂಪನಿ ಇಂಟರ್‌ನೆಟ್ಟಿನಲ್ಲಿ ಹೂಗುಚ್ಛ ಮಾರುತ್ತಿತ್ತು. ಅಲ್ಲಿ ಹೂವನ್ನು ಮೂಸಿ ನೋಡಿದವರು ಒಬ್ಬರೂ ಇರಲಿಲ್ಲ, ಆದರೆ ಇನ್ನಾರು ತಿಂಗಳಲ್ಲಿ ಎಲ್ಲರೂ ಕೋಟ್ಯಧಿಪತಿಗಳಾಗುವವರಿದ್ದರು. ಆದ್ದರಿಂದ ಶನಿವಾರವೂ ಆಫೀಸು. ಅಂಥ ಒಂದು ಶನಿವಾರ ಮಧ್ಯಾಹ್ನ ತಲೆನೋವು ಹೊತ್ತುಕೊಂಡು ಮೆಟ್ಟಿಲು ಹತ್ತುತ್ತಿದ್ದಾಗ ಕೆಳಮನೆಯ ಬಾಗಿಲಲ್ಲಿ ಯಾರೋ ಇಬ್ಬರು ಗಿಟಾರು ನುಡಿಸುತ್ತಿರುವುದು ಕೇಳಿಸಿತು. ಒಬ್ಬರು ಕೆಳಗಿನ ಸ್ವರಗಳಲ್ಲಿ ನಿಧಾನವಾಗಿ ಹೆಜ್ಜೆ ಹಾಕುತ್ತಿದ್ದರು, ಇನ್ನೊಬ್ಬರು ಮೇಲೆ ಹಾಡುತ್ತಿದ್ದರು. ಬಗ್ಗಿ ನೋಡಿದರೆ ಇದ್ದವರು ಒಬ್ಬರೇ. ಅರವತ್ತರ ಆಸುಪಾಸಿನ ದಪ್ಪನೆಯ ಮನುಷ್ಯ, ಹೂವಿನ ಶರ್ಟು, ಬರಿಗಾಲು. ಹೆಬ್ಬೆರಳು ಅದರ ಪಾಡಿಗೆ ಅದು ತಾಳ ಹಿಡಿದಿತ್ತು, ಉಳಿದ ಬೆರಳುಗಳು ಹಾಡುತ್ತಿದ್ದವು, ಅವರು ಮಾತ್ರ ಎದುರಿನ ಮರದಲ್ಲಿ ಅಳಿಲು ನೋಡುತ್ತಾ ಕೂತಿದ್ದರು. ಕೈ ಕಡೆ ಕಣ್ಣೇ ಇಲ್ಲ. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು, ತಲೆನೋವು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅಷ್ಟು ಸಂತೋಷದ ಸಂಗೀತವನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಹೀಗೆ ಪರಿಚಯವಾದವರು ಕಿಮೋ ಅಂಕಲ್. ಹವಾಯಿಯವರು, ಏರ್‌ಪೋರ್ಟಿನಲ್ಲಿ ವಿಮಾನ ರಿಪೇರಿಯ ಕೆಲಸ. ಅವರ ಕಡೆಯೂ ದೊಡ್ಡವರನ್ನು ಬರೀ ಹೆಸರು ಹಿಡಿದು ಕರೆಯುವುದಿಲ್ಲವಂತೆ, ಅಂಕಲ್, ಆಂಟಿ ಅನ್ನುತ್ತಾರಂತೆ. ಬಾಗಿಲಲ್ಲೇ ಚಪ್ಪಲಿ ಬಿಡಬೇಕು, ಎರಡು ಹೊತ್ತೂ ಅನ್ನ ಬೇಕು. ಇವರು ಮಂಡ್ಯದ ಕಡೆಯವರಿರಬಹುದೇ ಎಂದು ನನಗೆ ಗುಮಾನಿ ಬಂತು. ಮಾರನೆಯ ದಿನ ಗೌರವಕ್ಕೆಂದು ಒಂದು ದೊಡ್ಡ ಅನಾನಸ್ ಹಣ್ಣು ಕೊಂಡುಹೋದೆ, ಹವಾಯಿಯವರಲ್ಲವೇ ಎಂದು. ಅವರು ಹಣ್ಣನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. ಹುಡುಗನಾಗಿದ್ದಾಗ ರಜೆಯಲ್ಲೆಲ್ಲ ಅನಾನಸ್ ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ದುಡಿದು, ಅದರ ರಸದಲ್ಲಿ ಕೈಯೆಲ್ಲ ಸುಟ್ಟುಕೊಂಡು, ಈ ಜನ್ಮದಲ್ಲಿ ಮತ್ತೆ ಅದನ್ನು ತಿನ್ನುವುದಿಲ್ಲವೆಂದು ಆಣೆ ಮಾಡಿದ್ದರಂತೆ. ಮೈಸೂರಿನವರಿಗೆಲ್ಲ ಗಂಧದ ಕೊರಡು ಹಂಚಿದರೆ ಹೇಗಿರುತ್ತದೋ ನಾನು ಮಾಡಿದ್ದು ಹಾಗಾಯಿತು.

ಆದರೂ ಅವರು ನನಗೆ ಗಿಟಾರು ಹೇಳಿಕೊಡಲು ಒಪ್ಪಿದರು. ಬಹಳ ಹಿಂದೆ ದನ ಮೇಯಿಸುವುದನ್ನು ಕಲಿಸಲು ಮೆಕ್ಸಿಕೋ ಕಡೆಯ ಕೌಬಾಯ್‌ಗಳು ಅವರ ದ್ವೀಪಗಳಿಗೆ ಹೋಗಿದ್ದರಂತೆ. ಜೊತೆಗೆ ಒಯ್ದ ಗಿಟಾರುಗಳನ್ನು ಅಲ್ಲೇ ಬಿಟ್ಟು ಬಂದರಂತೆ, ಶ್ರುತಿ ಮಾಡುವುದನ್ನು ಮಾತ್ರ ಪೂರ್ತಿ ಹೇಳಿಕೊಡದೆ. ದ್ವೀಪದವರು ತಲೆ ಕೆಡಿಸಿಕೊಳ್ಳಲಿಲ್ಲ, ಕೆಲವು ತಂತಿಗಳನ್ನು ತಮ್ಮ ಕಿವಿಗೆ ಹಿತವಾಗುವಷ್ಟು ಸಡಿಲಿಸಿಕೊಂಡರು. ಹಾಗೆ ಸಡಿಲಿಸಿದರೆ ಎಡಗೈ ಮುಟ್ಟದೆ ಸುಮ್ಮನೆ ಮೀಟಿದರೂ ಎಲ್ಲ ತಂತಿಗಳೂ ಒಂದಕ್ಕೊಂದು ಹೊಂದಿಕೊಂಡು ಮೊಳಗುತ್ತವೆ. ಸ್ಲ್ಯಾಕ್ ಕೀ ಅನ್ನುವುದು ಇದಕ್ಕೇ. ಅಂಕಲ್ ಎಲ್ಲರಿಗೂ ಗೊತ್ತಿರುವ ಒಂದು ಶ್ರುತಿಯನ್ನು ನನಗೆ ಧಾರಾಳವಾಗಿ ತೋರಿಸಿದರು. ಆದರೆ ನಾನು ಮೊದಲ ದಿನ ಮೆಟ್ಟಿಲಲ್ಲಿ ಕೇಳಿ ಮರುಳಾದ ಹಾಡು ಅವರ ಅಜ್ಜಿಯದು. ಅದಕ್ಕೆ ಅವರ ಮನೆತನದ ಬೇರೆಯೇ ಶ್ರುತಿ ಇತ್ತು. ಅದನ್ನು ನುಡಿಸುವ ಮೊದಲು ಅವರು ಕುರ್ಚಿ ತಿರುಗಿಸಿ, ಗೋಡೆಗೆ ಮುಖ ಮಾಡಿ ತಂತಿ ಬಿಗಿಸುವ ಬಿರಡೆ ತಿರುಗಿಸುತ್ತಿದ್ದರು. ಹಾಡು ಮುಗಿದದ್ದೇ ಎಲ್ಲ ತಂತಿಗಳ ಶ್ರುತಿಯನ್ನೂ ಕೆಡಿಸಿಬಿಡುತ್ತಿದ್ದರು. ಹಳಬರು ಹಾಗೇ ಅಂತೆ, ಶ್ರುತಿ ಮನೆ ಬಿಟ್ಟು ಹೊರಗೆ ಹೋಗಬಾರದು.

ನಾನು ಬಿಡುತ್ತೇನೆಯೇ? ವೃತ್ತಿಯೇ ಹುಳುಕು ಹುಡುಕುವುದು. ಒಂದು ಶನಿವಾರ ಅವರ ಕುರ್ಚಿಯನ್ನು ಕಿಟಕಿ ಗಾಜಿನ ಮುಂದೆ ಹಾಕಿಕೊಟ್ಟೆ, ಬಿಂಬ ಕಾಣಲಿ ಎಂದು. ಅವರು ಗಾಜಿನಲ್ಲೇ ನನಗೆ ಕಣ್ಣು ಮಿಟುಕಿಸಿ ಪರದೆ ಎಳೆದರು. "ಮನೆಯವರಿಗೆ ಮಾತ್ರ, ವತ್ಸಲಾ" ಎಂದು ನಕ್ಕರು. ಅವರಿಗೆ ಮಕ್ಕಳಿರಲಿಲ್ಲ, ಮನೆಯವರು ಎನ್ನಲು ಯಾರಿದ್ದಾರೋ ನನಗೆ ಗೊತ್ತಾಗಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ಇಷ್ಟರಲ್ಲಿ ಅತ್ತೆ ಆರು ತಿಂಗಳಿಗೆಂದು ಬಂದಿಳಿದರು. ಮೊದಲ ಶನಿವಾರವೇ ಕೆಳಗಿನಿಂದ ಗಿಟಾರು ಕೇಳಿ, "ಯಾರೋ ಪಾಪ, ತಂತಿ ಸಡಿಲ ಬಿಟ್ಕೊಂಡು ನುಡಿಸ್ತಿದಾರಲ್ಲೇ" ಅಂದರು. ಒಂದು ನಿಮಿಷ ಬಿಟ್ಟು, "ಆದ್ರೂ ಎಷ್ಟು ಚೆನ್ನಾಗಿ ಸೇರಿದೆ" ಅಂದರು. ಮತ್ತೊಂದು ನಿಮಿಷಕ್ಕೆ ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿಯುತ್ತಿದ್ದರು. ಅಂದಿನಿಂದ ಪ್ರತಿ ಶನಿವಾರ ಇಬ್ಬರದೂ ಒಂದೇ ಕಛೇರಿ. ಅತ್ತೆಯ ಇಂಗ್ಲಿಷು ಪಾಠಪುಸ್ತಕದ್ದು, ಅಂಕಲ್ಲಿಗೆ ಕನ್ನಡ ಸೊನ್ನೆ. ಅದು ಅಡ್ಡಿಯೇ ಆಗಲಿಲ್ಲ, ಇವರು ಸ್ವರ ಹಾಡಿದರೆ ಅವರು ನುಡಿಸುತ್ತಿದ್ದರು. ನಾನು ಅತ್ತೆ ಅನ್ನುವುದನ್ನು ಕೇಳಿ ಅವರೂ ಅತ್ತೆ ಅಂತಲೇ ಕರೆಯತೊಡಗಿದರು. "ನನ್ನ ವಯಸ್ಸಿನವರು ನನ್ನನ್ನ ಅತ್ತೆ ಅನ್ನೋದಾ" ಎಂದು ಎರಡು ದಿನ ಮುನಿಸಿಕೊಂಡ ಅತ್ತೆ, ಮೂರನೆಯ ದಿನ ಅವರಿಗೆಂದು ಗೊಜ್ಜು ಮಾಡಲು ನಿಂತರು. ಏನು ಗೊಜ್ಜು ಅನ್ನುತ್ತೀರಿ, ಅನಾನಸ್ ಗೊಜ್ಜು.

ನಾನು ಬೇಡವೆಂದೆ, ಆಣೆಯ ಕಥೆ ಹೇಳಿದೆ. "ನಾನು ಮಾಡಿದ್ದು ತಿಂದಿಲ್ವಲ್ಲ" ಅಂದರು ಅತ್ತೆ. ಈ ಗೊಜ್ಜಿನದೂ ಒಂದು ಗುಟ್ಟಿದೆ. ಎಳ್ಳು, ಒಣಕೊಬ್ಬರಿ, ಹುಣಸೆ, ಬೆಲ್ಲ, ಮೆಂತ್ಯ ಎಲ್ಲರಿಗೂ ಗೊತ್ತು. ಕೊನೆಗೆ ಅವರು ಇನ್ನೊಂದೇನೋ ಹಾಕುತ್ತಿದ್ದರು. ಸರಿಯಾಗಿ ಆ ಹೊತ್ತಿಗೆ "ಹೋಗೇ, ಬಾಗಿಲಲ್ಲಿ ಯಾರೋ ಬಂದ ಹಾಗಾಯ್ತು" ಎಂದು ನನ್ನನ್ನು ಹೊರಗೆ ಕಳಿಸುತ್ತಿದ್ದರು. ಒಂಬತ್ತು ವರ್ಷದಿಂದ ನಾನು ಯಾರೂ ಇಲ್ಲದ ಬಾಗಿಲನ್ನು ತೆರೆದು ನೋಡಿ ಬರುತ್ತಿದ್ದೆ. ಅಂದು ಮಾತ್ರ ನಿಜವಾಗಿಯೂ ಅಂಕಲ್ ನಿಂತಿದ್ದರು. ವಾಸನೆ ಹಿಡಿದು ಮೇಲೆ ಬಂದಿದ್ದರು. ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಮೂರು ಸಲ ಅನ್ನ ಬಡಿಸಿಕೊಂಡರು, ಆಣೆಯ ಸುದ್ದಿ ಯಾರೂ ಎತ್ತಲಿಲ್ಲ. ಹೇಗೆ ಮಾಡುವುದೆಂದು ಕೇಳಿದರು. ಅತ್ತೆ ಬಹಳ ಸಂತೋಷದಿಂದ ಎಲ್ಲವನ್ನೂ ವಿವರಿಸಿದರು, ಆ ಒಂದನ್ನು ಬಿಟ್ಟು.

ಮುಂದಿನ ಶನಿವಾರ ಅಂಕಲ್ ಗಿಟಾರಿನ ಜೊತೆಗೆ ತಾವೇ ಮಾಡಿದ ಗೊಜ್ಜನ್ನೂ ನಮ್ಮ ಮನೆಗೆ ತಂದಿಟ್ಟರು. "ಎಲ್ಲ ಇದೆ, ಆದರೂ ಇದು ಅದಲ್ಲ" ಎಂದು ಅತ್ತೆಯ ಮುಖವನ್ನೇ ನೋಡಿದರು. ಅತ್ತೆ ಮೇಲೆ ತಿರುಗುವ ಫ್ಯಾನು ನೋಡಿದರು. ಸರಿ ಎಂದು ಅಂಕಲ್ ಗಿಟಾರು ಎತ್ತಿಕೊಂಡು, ಅಜ್ಜಿಯ ಹಾಡಿಗಾಗಿ ಗೋಡೆಗೆ ತಿರುಗಿದರು. ಮೊದಲ ಬಿರಡೆ ತಿರುಗಿಸಿ ತಂತಿ ಮೀಟಿದ್ದೇ ತಡ, ಹಿಂದಿನಿಂದ ಅತ್ತೆ "ಪಾ" ಎಂದು ಹಾಡಿದರು. ಎರಡನೆಯದಕ್ಕೆ "ಸಾ". ಅಂಕಲ್ ಬೆನ್ನು ಸ್ವಲ್ಪ ನೆಟ್ಟಗಾಯಿತು. ಹೀಗೇ ಒಂದೊಂದಾಗಿ ಬಂದು, ಒಂದು ತಂತಿಯ ಹತ್ತಿರ ಅವರು ಬೇಕೆಂದೇ ಬಹಳ ಮೆಲ್ಲಗೆ ಮೀಟಿದರು. ಅತ್ತೆ ಹುಬ್ಬೇರಿಸಿ, ಹೆಸರು ಹೇಳದೆ ಒಂದು ಸ್ವರವನ್ನು ಅಷ್ಟೇ ಮೆಲ್ಲಗೆ ಹಾಡಿದರು. ಯಾವ ತಂತಿ, ಯಾವ ಸ್ವರ ಎಂದು ನನ್ನನ್ನು ಕೇಳಬೇಡಿ, ಹೇಳುವುದಿಲ್ಲ. ಅಂಕಲ್ ಕುರ್ಚಿಯನ್ನೇ ತಿರುಗಿಸಿ ಅತ್ತೆಯನ್ನು ನೋಡಿದರು. "ಬೆನ್ನು ತಿರುಗಿಸಿದ್ರೆ ಕಣ್ಣಿಗೆ ಮರೆ ಆಗತ್ತೆ, ಕಿವಿಗೆ ಆಗತ್ತಾ, ಹೇಳೇ ಅವರಿಗೆ" ಅಂದರು ಅತ್ತೆ.

ನಾನು ಹೇಳಿದೆ. ಅಂಕಲ್ ನೇರವಾಗಿ ನಮ್ಮ ಅಡುಗೆಮನೆಗೆ ನಡೆದು, ಅತ್ತೆ ಮಾಡಿಟ್ಟಿದ್ದ ಗೊಜ್ಜನ್ನು ಚಮಚದ ತುದಿಯಲ್ಲಿ ನಾಲಿಗೆಗೆ ಸೋಕಿಸಿಕೊಂಡು, ಮಸಾಲೆ ಡಬ್ಬಿಗಳನ್ನು ಒಂದೊಂದಾಗಿ ತೆರೆದು ಮೂಸುತ್ತಾ ಹೋದರು. ಒಂದು ಡಬ್ಬಿಯನ್ನು ತಂದು ಅತ್ತೆಯ ಮುಂದಿಟ್ಟರು. ಮುಚ್ಚಳ ಹಾಕಿಯೇ ಇಟ್ಟರು, ನನಗೆ ಕಾಣದ ಹಾಗೆ ಅಂಗೈ ಅಡ್ಡ ಹಿಡಿದು. ಅತ್ತೆ "ಇವರ ನಾಲಿಗೆಗೆ ದೃಷ್ಟಿ ತೆಗೀಬೇಕು ಕಣೇ" ಎಂದು ನಗತೊಡಗಿದರು. ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಮಧ್ಯದಲ್ಲಿ ನಾನು ಒಬ್ಬಳು, ಒಂದನ್ನು ಕೇಳಿಯೂ ತಿಳಿಯದೆ, ಇನ್ನೊಂದನ್ನು ಕಾಣದೆ.

ಆಮೇಲೆ ಶುರುವಾಯಿತು ನನ್ನ ಪಾಡು. ಅತ್ತೆಯನ್ನು ಶ್ರುತಿ ಕೇಳಿದರೆ, "ಅದು ಅವರ ಮನೆ ಸ್ವತ್ತು, ನಾನು ಹೇಳೋದು ಧರ್ಮವಲ್ಲ" ಎನ್ನುತ್ತಿದ್ದರು. ಅಂಕಲ್ಲನ್ನು ಗೊಜ್ಜಿನ ಬಗ್ಗೆ ಕೇಳಿದರೆ, ಅತ್ತೆಯ ಅಪ್ಪಣೆಯಿಲ್ಲ ಎನ್ನುತ್ತಿದ್ದರು. ಕಳ್ಳರಿಬ್ಬರೂ ಸತ್ಯಹರಿಶ್ಚಂದ್ರರಾಗಿಬಿಟ್ಟಿದ್ದರು. ನನ್ನ ಯಜಮಾನರ ಹತ್ತಿರ ಗೋಳು ತೋಡಿಕೊಂಡರೆ, "ಹೋಗ್ಲಿ ಬಿಡೇ, ಗೊಜ್ಜು ಸಿಗ್ತಿದೆ, ಹಾಡು ಕೇಳಿಸ್ತಿದೆ, ಇನ್ನೇನು ಬೇಕು" ಎಂದು ಟೀವಿಯಲ್ಲಿ ಶೇರಿನ ಬೆಲೆ ನೋಡುತ್ತಾ ಕೂತರು. ಅತ್ತೆಯ ಟಿಕೆಟ್ಟಿನ ದಿನ ಹತ್ತಿರ ಬರುತ್ತಿತ್ತು. ಅಜ್ಜಿಯ ಹಾಡನ್ನು ಕಲಿತು ಅವರ ಮುಂದೆ ನುಡಿಸುವ ನನ್ನ ಆಸೆ ನೀರು ಪಾಲಾದಂತೆಯೇ.

ಹೊರಡಲು ಒಂದು ವಾರವಿದ್ದಾಗ ಅತ್ತೆ ನನ್ನನ್ನು ಕೆಳಗೆ ಕರೆದುಕೊಂಡು ಹೋದರು. ಅಂಕಲ್ ಮುಂದೆ ಕೂರಿಸಿ, ತಮ್ಮ ಪಾಠಪುಸ್ತಕದ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು, "ಇವಳಿಗೆ ನನ್ನ ಗೊಜ್ಜನ್ನು ನಾನು ಕೊಡುತ್ತೇನೆ. ನಿಮ್ಮ ಅಜ್ಜಿಯ ಶ್ರುತಿಯನ್ನು ನೀವು ಕೊಡಿ. ಇಲ್ಲವಾದರೆ ಎರಡೂ ಈ ಇಬ್ಬರು ಮುದುಕರ ಜೊತೆಯೇ ಹೋಗುತ್ತವೆ." ಅಂಕಲ್ ಬಹಳ ಹೊತ್ತು ಗಿಟಾರಿನ ಮೇಲೆ ಕೈಯಾಡಿಸಿದರು. "ಹಾಗಾದರೆ ಇವಳು ನಮ್ಮ ಮನೆಯವಳೂ ಆದಳು" ಅಂದರು. ಕುರ್ಚಿಯನ್ನು ನನ್ನ ಕಡೆಗೆ ಎಳೆದುಕೊಂಡು, ಮುಖಾಮುಖಿ ಕೂತು, ಒಂದೊಂದೇ ತಂತಿಯನ್ನು ಇಳಿಸಿ ತೋರಿಸಿದರು. ನನಗೆ ಅಳು ಬಂತು. ತಪ್ಪು ಹುಡುಕಲು ಹೋದವಳಿಗೆ ಸಿಕ್ಕಿದ್ದು ಇಬ್ಬರ ಮನೆತನ. ಅಂದು ಸಂಜೆ ಅಡುಗೆಮನೆಯಲ್ಲಿ ಅತ್ತೆ ನನ್ನನ್ನು ಬಾಗಿಲಿಗೆ ಕಳಿಸಲಿಲ್ಲ.

ಅತ್ತೆ ಮೈಸೂರಿಗೆ ಹೋದ ಸ್ವಲ್ಪ ದಿನಕ್ಕೇ ನನ್ನ ಹೂಗುಚ್ಛದ ಕಂಪನಿ ಬಾಡಿ ಬಿದ್ದುಹೋಯಿತು. ಕೋಟಿ ಬರಲಿಲ್ಲ, ಬಿಡುವು ಬಂತು. ಹೊಸ ಕೆಲಸ ಹುಡುಕುವ ನಡುವೆ ದಿನವೂ ಅಜ್ಜಿಯ ಹಾಡನ್ನೇ ಅಭ್ಯಾಸ ಮಾಡಿದೆ. ಅಂಕಲ್ ಒಮ್ಮೆಯೂ ಬೇಸರಿಸಲಿಲ್ಲ, ನನ್ನ ಹೆಬ್ಬೆರಳು ದಾರಿ ತಪ್ಪಿದಾಗಲೆಲ್ಲ ಅಳಿಲನ್ನು ನೋಡುತ್ತಿದ್ದರು. ಕೊನೆಗೆ ಒಂದು ಶನಿವಾರ ಸಂಜೆ, ಮೈಸೂರಿನಲ್ಲಿ ಭಾನುವಾರ ಬೆಳಗಿನ ಕಾಫಿಯ ಹೊತ್ತಿಗೆ, ಫೋನು ಹಚ್ಚಿದೆ. ಯಜಮಾನರು ರಿಸೀವರನ್ನು ಗಿಟಾರಿನ ಹತ್ತಿರ ಹಿಡಿದು ನಿಂತರು, ಅಂಕಲ್ ಪಕ್ಕದಲ್ಲಿ ಕೂತರು. ನಾನು ಉಸಿರು ಬಿಗಿಹಿಡಿದು ಮೊದಲಿಂದ ಕೊನೆಯವರೆಗೆ, ಎಲ್ಲೂ ನಿಲ್ಲಿಸದೆ, ಪೂರ್ತಿ ಹಾಡು ನುಡಿಸಿದೆ. ಕೊನೆಯ ಸ್ವರ ಕರಗುವವರೆಗೆ ಕಾದು ಫೋನು ಕಿವಿಗಿಟ್ಟುಕೊಂಡೆ.

"ಭೇಷ್ ಕಣೇ ವತ್ಸಲಾ" ಅಂದರು ಆ ಕಡೆಯಿಂದ ಅತ್ತೆ. "ಶ್ರುತಿ ಎಷ್ಟು ಚೆನ್ನಾಗಿ ಸೇರಿಸಿದೀಯ. ಒಂದು ಕೂದಲೆಳೆ ಆಚೀಚೆ ಇಲ್ಲ. ನನ್ನ ಮಾತು ವಾಪಸ್ ತೊಗೊಂಡೆ. ಹೂಂ, ಇನ್ನು ಹಾಡು ಶುರುಮಾಡು, ಕೇಳೋಣ."