ಅಮೆರಿಕದ ಕಾರಿಗೆ ಎತ್ತಿದ ಆರತಿ

ಕೆಲವರಿಗೆ ಕುಡಿತದ ಚಟ, ಕೆಲವರಿಗೆ ಇಸ್ಪೀಟಿನ ಚಟ, ನನಗೆ ಹಗಲುಗನಸಿನ ಚಟ. ಇದರ ಅನುಕೂಲವೆಂದರೆ ಬಾಯಿ ವಾಸನೆ ಬರುವುದಿಲ್ಲ, ಹಾಗಾಗಿ ಮನೆಯವರಿಗೆ ಬೇಗ ಗೊತ್ತಾಗುವುದಿಲ್ಲ. ಕಿಟಕಿಯ ಕಡೆ ನೋಡುತ್ತಾ ಕೂತಿದ್ದರೆ 'ಪಾಪ, ಏನೋ ಯೋಚನೆ ಮಾಡುತ್ತಿದ್ದಾರೆ' ಎಂದುಕೊಂಡು ಒಂದು ಲೋಟ ಕಾಫಿಯನ್ನೂ ತಂದುಕೊಡುತ್ತಾರೆ. ಕನಸು ಕಿಟಕಿಯಲ್ಲೇ ಇದ್ದಷ್ಟು ದಿನ ಯಾರಿಗೂ ತೊಂದರೆಯಿಲ್ಲ. ನನ್ನದು ಒಂದು ದಿನ ಕಿಟಕಿಯಿಂದ ಇಳಿದು, ನಾಲ್ಕು ಚಕ್ರ ಹಾಕಿಕೊಂಡು, ನಾವು ಬಂದು ನೆಲೆಸಿರುವ ಈ ಪರದೇಶದ ನೆಲ್ಸನ್ ಊರಿನ ನಮ್ಮ ಮನೆಯ ಮುಂದೆ ಬಂದು ನಿಂತಿತು. ಈ 'ನಿಂತಿತು' ಎಂಬ ಮಾತನ್ನು ಮುಂದೆಯೂ ಬಹಳ ಸಲ ಹೇಳಬೇಕಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಅದೊಂದು ಅಮೆರಿಕದ ಕಾರು. ಕಂಪನಿಯ ಹೆಸರು ಹೇಳುವುದಿಲ್ಲ, ಹೇಳಿದರೆ ಅವರಿಗೂ ಬೇಜಾರು, ನನಗೂ ಬೇಜಾರು. ಬಣ್ಣ ಆಕಾಶನೀಲಿ. ಉದ್ದ ಎಷ್ಟೆಂದರೆ ಮೂತಿ ಗ್ಯಾರೇಜಿನ ಒಳಗಿದ್ದರೆ ಬಾಲ ಮಳೆಯಲ್ಲಿ ನೆನೆಯುತ್ತದೆ. ಇಂಥ ಕಾರಿನ ಮೇಲೆ ನನಗೆ ಮೈಸೂರಿನಲ್ಲಿ ನಿಕ್ಕರು ಹಾಕುವ ಕಾಲದಿಂದಲೂ ಆಸೆ. ನಮ್ಮ ಬೀದಿಯ ಡಾಕ್ಟರೊಬ್ಬರ ಕಾಂಪೌಂಡಿನಲ್ಲಿ ಹೀಗೇ ಒಂದು ಇತ್ತು. ನಾವೆಲ್ಲ ಅದರ ಬಾನೆಟ್ಟಿಗೆ ಕೆನ್ನೆ ಒತ್ತಿ ತಂಪು ನೋಡುತ್ತಿದ್ದೆವು. ಬಾನೆಟ್ಟು ಯಾವಾಗ ಮುಟ್ಟಿದರೂ ತಂಪಾಗಿಯೇ ಇರುತ್ತಿತ್ತು. ಎಂಟು ವರ್ಷದಲ್ಲಿ ಒಂದು ದಿನವೂ ಅದು ಗೇಟು ದಾಟಿದ್ದನ್ನು ನಾನು ಕಂಡಿಲ್ಲ. ಬುದ್ಧಿ ಇದ್ದವನಿಗೆ ಅಷ್ಟು ಸೂಚನೆ ಸಾಕಿತ್ತು.

ಕಾರು ಮಾರಿದವರು ಜೊತೆಗೆ ಕಂಪನಿಯ ಇತಿಹಾಸದ ದಪ್ಪ ಪುಸ್ತಕವನ್ನೂ ಕೊಟ್ಟರು. ಹಾಸಿಗೆಯಲ್ಲಿ ಮಲಗಿ ಓದಿದೆ. ಒಬ್ಬ ಹಟಮಾರಿ ಮನುಷ್ಯ ಒಂದು ಶೆಡ್ಡಿನಲ್ಲಿ ಶುರು ಮಾಡಿದನಂತೆ. ಕಂಪನಿ ಬೆಳೆಯಿತು, ಮುಳುಗಿತು, ಯಾರೋ ಎತ್ತಿ ಹಿಡಿದರು, 'ಇನ್ನು ಮೇಲೆ ಗುಣಮಟ್ಟವೇ ನಮ್ಮ ದೇವರು' ಎಂದು ಪ್ರತಿಜ್ಞೆ ಮಾಡಿತು, ಮತ್ತೆ ಮುಳುಗಿತು, ಮತ್ತೆ ಎದ್ದು ಮತ್ತೆ ಪ್ರತಿಜ್ಞೆ ಮಾಡಿತು. ನನ್ನ ಕಾರು ಹುಟ್ಟಿದ್ದು ಯಾವಾಗ ಎಂದು ಪುಟ ತಿರುಗಿಸಿ ನೋಡಿದೆ. ಸರಿಯಾಗಿ ಎರಡು ಪ್ರತಿಜ್ಞೆಗಳ ನಡುವಿನ ಬಿಡುವಿನಲ್ಲಿ. ಆಮೇಲೆ ಅಂತರ್ಜಾಲದಲ್ಲಿ ಮಾಲೀಕರ ಅನುಭವಗಳನ್ನು ಹುಡುಕಿದೆ. ಎಲ್ಲರೂ ಐದಕ್ಕೆ ಐದು ನಕ್ಷತ್ರ ಕೊಟ್ಟಿದ್ದರು. ಒಬ್ಬ ಬರೆದಿದ್ದ: 'ಅದ್ಭುತ ಕಾರು. ಎಂಜಿನ್ ಬದಲಾಯಿಸಿದ ಮೇಲೆ ಇನ್ನೂ ಅದ್ಭುತ.' ಇನ್ನೊಬ್ಬನಿಗೆ ಕಾರಿನಿಂದಾಗಿ ಮೂರು ಜನ ಮೆಕ್ಯಾನಿಕ್‌ಗಳು ಜೀವದ ಗೆಳೆಯರಾದರಂತೆ. ನನಗೆ ಕಣ್ಣು ತುಂಬಿ ಬಂತು. ನಾನೂ ಐದು ನಕ್ಷತ್ರ ಒತ್ತಿದೆ.

ಈಗ ನನ್ನ ಹೆಂಡತಿ ಗಿರಿಜಾಳ ವಿಷಯ. ಅವಳು ಧಾರವಾಡದವಳು, ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ನಾನು ಅದೇ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. ಅವಳ ಹತ್ತಿರ ಅಕ್ಕಿ ಡಬ್ಬಿಯಷ್ಟು ಪುಟ್ಟದೊಂದು ಜಪಾನಿ ಕಾರಿದೆ. ಕೀಲಿ ತಿರುಗಿಸಿದರೆ ಹೊರಡುತ್ತದೆ, ಬ್ರೇಕು ಒತ್ತಿದರೆ ನಿಲ್ಲುತ್ತದೆ, ಬೇರೆ ಯಾವ ಸ್ವಂತ ಅಭಿಪ್ರಾಯವೂ ಅದಕ್ಕಿಲ್ಲ. ನನ್ನ ಕಾರಿನದು ಹಾಗಲ್ಲ. ಮೊದಲನೆಯದಾಗಿ ಅದರ ಸ್ಟಿಯರಿಂಗು ಇರುವುದು ಎಡಗಡೆಗೆ. ಈ ದೇಶದ ರಸ್ತೆ ನಮ್ಮ ಊರಿನಂತೆ ಎಡಬದಿಯದು. ಹೀಗಾಗಿ ಬೇಲಿಯ ಪಕ್ಕ ನಾನು, ರಸ್ತೆಯ ನಡುವೆ ಗಿರಿಜಾ. ಮುಂದಿನ ಲಾರಿಯನ್ನು ದಾಟಬೇಕಾದರೆ ನನಗೆ ಏನೂ ಕಾಣುವುದಿಲ್ಲ. ಅವಳು ಕತ್ತು ಚಾಚಿ, 'ತಡೀರಿ... ತಡೀರಿ... ಹಾಂ, ಈಗ ಹೋಗ್ರಿ' ಎನ್ನಬೇಕು. ಚಕ್ರ ನನ್ನ ಕೈಯಲ್ಲಿ, ಪ್ರಾಣ ಅವಳ ಕೈಯಲ್ಲಿ. ಆದರೂ ಆ ಸೀಟಿನಲ್ಲಿ ಕೂತು, ಟಾಸ್ಮನ್ ಕೊಲ್ಲಿಯ ನೀರು ಪಕ್ಕದಲ್ಲೇ ಮೆಲ್ಲಗೆ ಸರಿಯುತ್ತಿದ್ದರೆ, ಸೇಬಿನ ತೋಟಗಳು ಹೂ ಬಿಟ್ಟ ಕಾಲವಾದರಂತೂ, ಸರಿಯುತ್ತಿರುವುದು ಕಾರೋ ಕೊಲ್ಲಿಯೋ ಎಂದು ತಿಳಿಯದ ಒಂದು ಮಂಪರು ಬರುತ್ತದೆ ನೋಡಿ, ಅದಕ್ಕಾಗಿ ಎಷ್ಟು ಬೈಸಿಕೊಂಡರೂ ಲುಕ್ಸಾನಿಲ್ಲ.

ಎರಡನೆಯದಾಗಿ, ಅದು ನಿಲ್ಲುತ್ತದೆ. ಮೊದಲ ಸಲ ಸಮುದ್ರದ ಪಕ್ಕ ನಿಂತಾಗ ನನ್ನ ಬಾಯಿಂದ ತಾನಾಗಿ ಒಂದು ಮಾತು ಬಂತು: "ಗಿರಿಜಾ, ಇಲ್ಲಿ ಸ್ವಲ್ಪ ಹೊತ್ತು ಇದ್ದು ಹೋಗೋಣ. ನೋಡು, ಎಂಥ ಜಾಗ!" ಎಂಜಿನ್ ತಣ್ಣಗಾಗುವ ತನಕ ಇಬ್ಬರೂ ಸಮುದ್ರ ನೋಡಿದೆವು. ಅವಳಿಗೆ ಖುಷಿಯಾಯಿತು. ಮದುವೆಯಾಗಿ ಹದಿನೆಂಟು ವರ್ಷಕ್ಕೆ ಗಂಡನಿಗೆ ರಸಿಕತೆ ಬಂತೆಂದುಕೊಂಡಳು. ಅದನ್ನು ಕೆಡಿಸಲು ನನಗೆ ಮನಸ್ಸು ಬರಲಿಲ್ಲ. ಆಮೇಲೆ ಅದೇ ಅಭ್ಯಾಸವಾಗಿಬಿಟ್ಟಿತು. ಯಾವ ಪ್ರವಾಸಿ ಪುಸ್ತಕದಲ್ಲೂ ಇಲ್ಲದ ಎಷ್ಟೋ ತಿರುವುಗಳನ್ನು, ಹಸುಗಳನ್ನು, ಒಂದು ಸಲ ಸಿಮೆಂಟು ಗೋದಾಮನ್ನೂ ನಾವು ಅರ್ಧರ್ಧ ಗಂಟೆ ನೋಡಿದ್ದೇವೆ. ಗೋದಾಮಿನ ಮುಂದೆ ಮಾತ್ರ ಅವಳು, "ಏನ್ರೀ, ಗಾಡಿ ನಿಂತೈತೋ, ನೀವ ನಿಲ್ಲಿಸೀರೋ?" ಎಂದು ಕೇಳಿದಳು. ನಾನು ಗೋದಾಮಿನ ಚಾವಣಿಯ ಮೇಲೆ ಬಿದ್ದ ಬೆಳಕನ್ನು ಹೊಗಳಿದೆ.

ನನ್ನ ಧೈರ್ಯಕ್ಕೆ ಪಕ್ಕದ ಮನೆಯ ಗ್ರಹಾಂ ಇದ್ದ. ಸೇಬಿನ ತೋಟ ನೋಡಿಕೊಂಡಿದ್ದು ನಿವೃತ್ತನಾದವನು, ಅದೇ ಕಂಪನಿಯ ಕಾರಿಟ್ಟವನು. ಊರಿನ ಅಂಥ ಐದಾರು ಮಾಲೀಕರು ಭಾನುವಾರ ಬೆಳಿಗ್ಗೆ ಕಡಲತೀರದಲ್ಲಿ ಸೇರುತ್ತಾರೆ. ಅಲ್ಲಿ ಕಾರು ಕೆಟ್ಟಿತು ಎಂದು ಯಾರೂ ಹೇಳುವುದಿಲ್ಲ. 'ಕಳೆದ ವಾರ ಎಲ್ಲಿದ್ದೆ?' ಎಂದು ಕೇಳುತ್ತಾರೆ. 'ಸರೋವರದ ಹತ್ತಿರ, ನಾಲ್ಕು ಗಂಟೆ' ಎಂದರೆ ಎಲ್ಲರೂ ಮೆಲ್ಲಗೆ ತಲೆಯಾಡಿಸುತ್ತಾರೆ. ಗ್ರಹಾಂ ತನ್ನ ಕಾರು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಕೈಕೊಟ್ಟಿಲ್ಲ ಎನ್ನುತ್ತಾನೆ. ಹಾಗೆ ಹೇಳುವಾಗ ಅವನ ಎರಡೂ ಕೈ ಮೊಣಕೈವರೆಗೆ ಗ್ರೀಸಾಗಿರುತ್ತದೆ.

ಹೋದ ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು. ಡ್ರೈವ್‌ವೇಯಲ್ಲಿ ಎರಡೂ ಕಾರು ತೊಳೆದು, ಗಂಧ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣಿಟ್ಟೆವು. ಗಿರಿಜಾ ತಟ್ಟೆಯಲ್ಲಿ ಕೆಂಪಗೆ ಆರತಿ ನೀರು ಕಲಸಿ, ಎತ್ತಿ, ನನ್ನ ಕಾರಿನ ಮುಂದೆ ಸುರಿದಳು. ಮಾರನೆಯ ದಿನ ಕಾರಿನಡಿ ಒಂದು ಕೆಂಪು ಕಲೆ ಇತ್ತು. ಅವಳು ತೊಳೆದಳು. ಮರುದಿನ ಮತ್ತೆ ಇತ್ತು.

"ಏನ್ರೀ, ನಾ ಸುರುವಿದ್ದು ಒಂದ ತಾಟು. ಇದು ದಿನಾ ಬರಾಕತ್ತೈತಲ್ಲ?"

"ಕಾಂಕ್ರೀಟು ಕುಡಿದಿರುತ್ತೆ ಕಣೇ. ರಾತ್ರಿ ಮಂಜಿಗೆ ಮತ್ತೆ ಮೇಲೆ ಬರುತ್ತೆ."

"ಎಣ್ಣಿ ಎಣ್ಣಿ ಆಗೇತಿ."

"ದೀಪದ ಎಣ್ಣೆ ಚೆಲ್ಲಿರಬೇಕು."

ಸುಳ್ಳು ಹೇಳಿದೆನೆಂದು ತಿಳಿಯಬೇಡಿ, ನಾನದನ್ನು ನಿಜವಾಗಿಯೂ ನಂಬಿದ್ದೆ. ನಂಬುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಒಂದು ಬೆಳಿಗ್ಗೆ ಗ್ರಹಾಂ ಬಂದು ಆ ಕಲೆಯ ಮುಂದೆ ನಿಂತು, ಬಗ್ಗಿ, ಏನೋ ಹೇಳಲು ಬಾಯಿ ತೆರೆದ. ನಾನು ಹೆಮ್ಮೆಯಿಂದ, ಇದು ನಮ್ಮ ಪೂಜೆಯದು, ವಾಹನಕ್ಕೆ ದೃಷ್ಟಿಯಾಗದಿರಲೆಂದು ಮನೆಯೊಡತಿ ಸುರಿಯುವ ಪವಿತ್ರ ನೀರು ಎಂದು ವಿವರಿಸಿದೆ. ಅವನು ತಟ್ಟನೆ ಟೋಪಿ ತೆಗೆದ. ಅಂದಿನಿಂದ ನಮ್ಮ ಮನೆಗೆ ಬಂದಾಗಲೆಲ್ಲ ಆ ಕಲೆಯನ್ನು ತುಳಿಯದಂತೆ ಹುಲ್ಲಿನ ಮೇಲೆ ಸುತ್ತುಹಾಕಿ ಬರತೊಡಗಿದ.

ಇಷ್ಟರಲ್ಲಿ ಗಿರಿಜಾಳಿಗೆ ಚಾರ್ಜ್ ನರ್ಸ್, ಅಂದರೆ ಇಡೀ ವಾರ್ಡಿನ ಮುಖ್ಯಸ್ಥೆಯ, ಕೆಲಸದ ಸಂದರ್ಶನದ ಪತ್ರ ಬಂತು. ಹನ್ನೊಂದು ವರ್ಷದಿಂದ ಕಾದದ್ದು. ಅವಳ ಕೈಕೆಳಗೆ ಇಂಜೆಕ್ಷನ್ ಕೊಡುವುದನ್ನು ಕಲಿತ ಹುಡುಗಿಯರೇ ಅವಳಿಗೆ ಮೇಲಧಿಕಾರಿಗಳಾಗಿ ಹೋಗಿದ್ದರು. ಎರಡು ಸಲ ಅರ್ಜಿ ಹಾಕಿ ಎರಡು ಸಲವೂ 'ಮುಂದಿನ ಬಾರಿ ನೋಡೋಣ' ಎನ್ನಿಸಿಕೊಂಡಿದ್ದಳು. ಈ ಸಲವೂ ಆಗದಿದ್ದರೆ ಇನ್ನು ಅರ್ಜಿಯನ್ನೇ ಹಾಕುವುದಿಲ್ಲ ಎಂದು ಹೇಳಿಯೂ ಇದ್ದಳು. ಕೆಲಸ ನೆಲ್ಸನ್‌ನಲ್ಲೇ, ಸಂದರ್ಶನ ಮಾತ್ರ ಗುಡ್ಡದಾಚೆಯ ಬ್ಲೆನಮ್ ಊರಿನಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಅವಳು ತನ್ನ ಅಕ್ಕಿ ಡಬ್ಬಿಯ ಕೀಲಿ ತೆಗೆದುಕೊಂಡಳು. ನನಗೆ ತಡೆಯಲಾಗಲಿಲ್ಲ. ಕನಸಿನಲ್ಲಿ ನಾನಾಗಲೇ ನೋಡಿಬಿಟ್ಟಿದ್ದೆ: ಆಕಾಶನೀಲಿ ಕಾರು, ಅದರಿಂದ ಇಳಿಯುವ ರೇಷ್ಮೆ ಸೀರೆಯ ಗಿರಿಜಾ, ಕಿಟಕಿಯಿಂದ ಬೆರಗಾಗಿ ನೋಡುವ ಸಂದರ್ಶಕರು. "ಇಂಥ ದಿನ ರಾಣಿ ಹಾಗೆ ಹೋಗಬೇಕು, ನನ್ನ ಕಾರಲ್ಲಿ ಹೋಗೋಣ" ಎಂದು ಗೋಗರೆದೆ. ಅವಳು ನನ್ನ ಮುಖ ನೋಡಿದಳು. "ಆತು ಬಿಡ್ರಿ. ಆದ್ರ ಹೊತ್ತಿಗೆ ಸರಿಯಾಗಿ ಮುಟ್ಟಸ್ರಿ, ಅಷ್ಟ," ಎಂದಳು. ನನ್ನ ಮೇಲಿನ ಪ್ರೀತಿಗೇ ಒಪ್ಪಿದಳೆಂದು ನನಗೆ ಗೊತ್ತಿತ್ತು.

ಗುಡ್ಡ ಹತ್ತಿದೆವು, ಇಳಿದೆವು. ಕಣಿವೆಯಲ್ಲಿ ಮಂಜು ಇನ್ನೂ ಎದ್ದಿರಲಿಲ್ಲ. ನಾನು ತೇಲುತ್ತಿದ್ದೆ. ಪೆಲೋರಸ್ ನದಿಯ ಹತ್ತಿರ ಬರುತ್ತಿದ್ದಂತೆ ಎಂಜಿನ್ ಜೋರಾಗಿ ಕೂಗಿತು, ಕಾರು ಮಾತ್ರ ಮುಂದೆ ಹೋಗಲಿಲ್ಲ. ಗೇರು ಬದಲಾಯಿಸಿದೆ. ಕೂಗು ಹೆಚ್ಚಾಯಿತು, ಮೆಲ್ಲಗೆ ಉರುಳಿಕೊಂಡು ಅಂಚಿಗೆ ಬಂದು ನಿಂತಿತು. ಹಾಳು ನಾಲಿಗೆ ನೋಡಿ, ಅಭ್ಯಾಸಬಲದಿಂದ ಹೇಳಿಯೇಬಿಟ್ಟಿತು: "ಗಿರಿಜಾ, ನದಿ ನೋಡು, ಎಷ್ಟು ಹಸಿರಾಗಿದೆ!"

ಅವಳು ನದಿ ನೋಡಲಿಲ್ಲ. ಇಳಿದು ಕಾರಿನ ಹಿಂದಕ್ಕೆ ಹೋದಳು. ನಾವು ಬಂದ ದಾರಿಯುದ್ದಕ್ಕೂ ಟಾರಿನ ಮೇಲೆ ಕೆಂಪು ಹನಿಗಳ ಸಾಲು ಇತ್ತು. ಸೆರಗು ಎತ್ತಿ ಹಿಡಿದು ಬಗ್ಗಿ, ಬೆರಳಿಗೆ ಹಚ್ಚಿಕೊಂಡು, ಮೂಸಿ ನೋಡಿದಳು.

"ಏನ್ರೀ, ನನ್ನ ಆರತಿ ನೀರು ಇಲ್ಲೀತನಕ ಬಂದೈತಿ?"

ಗೇರ್‌ಬಾಕ್ಸಿನ ಎಣ್ಣೆ ಕೆಂಪಗಿರುತ್ತದೆ ಎಂಬುದು ನನಗೆ ಗೊತ್ತಾದದ್ದು ಹೀಗೆ. ಫೋನಿಗೆ ಅಲ್ಲಿ ಸಿಗ್ನಲ್ ಇಲ್ಲ. ಸಂದರ್ಶನಕ್ಕೆ ಒಂದು ಗಂಟೆಯೂ ಉಳಿದಿರಲಿಲ್ಲ. ನಾನು ಬಾನೆಟ್ಟೆತ್ತಿ, ಏನೂ ತಿಳಿಯದೆ ಒಳಗೆ ನೋಡುತ್ತಾ ನಿಂತೆ. ದಿನಕ್ಕೆ ಮೂವತ್ತು ಜನರ ಎಲುಬಿನೊಳಗನ್ನು ನೋಡುವ ಮಹಾಶಯ! ಗಿರಿಜಾ ಅಳಲಿಲ್ಲ, ಕೂಗಾಡಲಿಲ್ಲ. ರಸ್ತೆಯ ಅಂಚಿಗೆ ಹೋಗಿ ಕೈ ಚಾಚಿದಳು. ಮೂರನೆಯ ಗಾಡಿ ನಿಂತಿತು. ಅದು ಇಲ್ಲಿನ ರೈತರು ಓಡಿಸುವ ಹಳೆಯ ಯೂಟ್, ಹಿಂದಿನ ತೆರೆದ ತೊಟ್ಟಿಯಲ್ಲಿ ನಾಯಿ, ಮುಂದೆ ಗಂಬೂಟು ಹಾಕಿದ ಹೆಂಗಸು. ಎರಡೇ ಮಾತಿನಲ್ಲಿ ಅವರಿಬ್ಬರಿಗೂ ಒಪ್ಪಂದವಾಯಿತು. ಗಿರಿಜಾ ಸೀರೆಯ ನೆರಿಗೆ ಹಿಡಿದು ಹತ್ತಿ ಕೂತು, ಕಿಟಕಿಯಿಂದ ಹೇಳಿದಳು: "ನೀವು ನದಿ ನೋಡ್ಕೋಂತ ಕುಂಡ್ರಿ."

ಕೂತೆ. ಇಷ್ಟು ವರ್ಷದಲ್ಲಿ ಮೊದಲ ಸಲ ಕನಸೊಂದೂ ಬರಲಿಲ್ಲ. ಬಂದದ್ದು ನಾಚಿಕೆ. ವಾರವಿಡೀ ಅವಳು ಅಡುಗೆಮನೆಯಲ್ಲಿ ಸಂದರ್ಶನದ ಉತ್ತರಗಳನ್ನು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಏನು ಹೇಳುತ್ತೀ ಎಂದು ಒಂದು ದಿನವೂ ನಾನು ಕೇಳಿರಲಿಲ್ಲ. ಆ ವಾರವೆಲ್ಲ ನಾನು ಕಾರಿಗೆ ಪಾಲಿಶ್ ಹಾಕುತ್ತಿದ್ದೆ. ಅವಳ ಹನ್ನೊಂದು ವರ್ಷವನ್ನು ನನ್ನ ಷೋಕಿಗೆ ಪಣವಿಟ್ಟೆನಲ್ಲ ಎಂದು ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿ ನಿಂತು ನದಿಯ ಫೋಟೋ ತೆಗೆಯುತ್ತಿದ್ದ ಪ್ರವಾಸಿಗಳು ನಾನು ಸೌಂದರ್ಯಕ್ಕೆ ಕರಗಿದೆನೆಂದು ತಿಳಿದು ಟಿಶ್ಯೂ ಕೊಟ್ಟರು.

ಸೇತುವೆಯ ಹತ್ತಿರದ ಕೆಫೆಯಿಂದ ಗ್ರಹಾಂಗೆ ಫೋನು ಮಾಡಿದೆ. ಮಧ್ಯಾಹ್ನ ಟ್ರೇಲರ್ ತಂದ. ಸುತ್ತ ನೋಡಿ, "ಒಳ್ಳೇ ಜಾಗದಲ್ಲೇ ನಿಂತಿದೆ, ಮೇಟ್," ಎಂದು ಮೆಚ್ಚಿಕೊಂಡ. ಆಮೇಲೆ ಕೆಂಪು ಹನಿಗಳನ್ನು ಕಂಡು ಸಪ್ಪಗಾದ. "ನನಗೆ ಅವತ್ತೇ ಗೇರ್‌ಬಾಕ್ಸ್ ಎಣ್ಣೆ ಅನ್ನಿಸಿತ್ತು. ಆದರೆ ನಿಮ್ಮ ಧರ್ಮದ ವಿಷಯ ಅಂದೆಯಲ್ಲ, ಹೇಳೋದು ಮರ್ಯಾದೆ ಅಲ್ಲ ಅಂತ ಸುಮ್ಮನಾದೆ." ಎರಡು ವಾರ ಆ ಮನುಷ್ಯ ನನ್ನ ಸೋರುವ ಗೇರ್‌ಬಾಕ್ಸಿಗೆ ಪ್ರದಕ್ಷಿಣೆ ಹಾಕಿದ್ದ! ಯಾರನ್ನು ಬೈಯುವುದು?

ಮನೆಗೆ ಬಂದರೆ ಗಿರಿಜಾ ಬಸ್ಸಿನಲ್ಲಿ ನಮಗಿಂತ ಮೊದಲೇ ಬಂದು ಉಪ್ಪಿಟ್ಟು ಮಾಡಿದ್ದಳು. ಸಂದರ್ಶನಕ್ಕೆ ಏಳು ನಿಮಿಷ ಮುಂಚೆ ಮುಟ್ಟಿದೆ ಎಂದು ಹೇಳಿ ತಟ್ಟೆ ಮುಂದಿಟ್ಟಳು. "ತಪ್ಪಾಯಿತು ಕಣೇ," ಎಂದೆ. "ಉಣ್ರಿ ಮದ್ಲ," ಎಂದಳು. ಮುಂದಿನ ಗುರುವಾರದವರೆಗೆ ನನಗೆ ಊಟ ಸೇರಲಿಲ್ಲ. ಫೋನು ಬಂದಾಗ ಅವಳು ನಿಂತೇ ಮಾತಾಡಿದಳು, ಇಟ್ಟು ಕುರ್ಚಿಯ ಮೇಲೆ ಕೂತಳು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೆಲಸ ಸಿಕ್ಕಿತ್ತು. ನಾನು ಮನೆಯಲ್ಲೆಲ್ಲ ಕುಣಿದೆ.

ಕುಣಿದು ಸುಸ್ತಾದ ಮೇಲೆ ಧೈರ್ಯ ಮಾಡಿ ಕೇಳಿದೆ, ಸಂದರ್ಶನದಲ್ಲಿ ಏನು ಕೇಳಿದರು ಎಂದು.

"ಎಲ್ಲಾ ವಾರ್ಡಿನ ವಿಷಯಾನ ಕೇಳಿದ್ರು. ಕಡೀಕ ಒಂದು ಕೇಳಿದ್ರು. ದಿನಾ ಬೇಕಾಗೋದು, ಆದ್ರ ನಂಬಾಕ ಬರೂದಿಲ್ಲ, ಅಂಥಾದ್ದನ್ನ ಸಿಟ್ಟಾಗದ ಬಾಳ ದಿನ ಸಂಭಾಳಿಸಿದ್ದು ಏನರ ಇದ್ರ ಹೇಳ್ರಿ ಅಂತ. ನಾ ಬ್ಯಾರೇನೋ ಓದ್ಕೊಂಡು ಹೋಗಿದ್ದೆ. ನೋಡಿದ್ರ ಬೆರಳಿಗೆ ಎಣ್ಣಿ ಇನ್ನೂ ಹಂಗ ಇತ್ತು. ಇದ್ದದ್ದ ಹೇಳಿಬಿಟ್ಟೆ."

"ಅಯ್ಯೋ! ಅಂಥ ದೊಡ್ಡವರ ಮುಂದೆ ನನ್ನ ಕಾರಿನ ಮರ್ಯಾದೆ ತೆಗೆದೆಯಾ?"

"ಕಾರಿಂದು ಯಾಕ ಹೇಳ್ಲಿ?" ಎಂದಳು ಗಿರಿಜಾ. "ಪಾಪ, ಅದು ನಿಂತ್ರ ನಿಂತೇನಿ ಅಂತ ಖರೇನ ಹೇಳ್ತೈತಿ. ನಾ ನಿಮ್ಮ ವಿಷಯ ಹೇಳಿದೆ."

ಸಂದರ್ಶಕರು ಮೂವರಿದ್ದರಂತೆ. ಇಬ್ಬರು ನಕ್ಕರಂತೆ. ಮೂರನೆಯವಳು ಮಾತ್ರ ನಗದೆ, ಪೆನ್ನು ತೆಗೆದು, ಬಹಳ ಹೊತ್ತು ಬರೆದುಕೊಂಡಳಂತೆ. ಅವಳಿಗೂ ಮದುವೆಯಾಗಿರಬೇಕು.