ಮಾರ್ಗರೆಟ್‌ಗೆ ಜಾಗ ಸಾಲಲಿಲ್ಲ

ಶಿರಸಿ ಪೇಟೆಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟುಕೊಂಡು, ಬಿಡುವಿನಲ್ಲಿ ಎರಡನೇ ಮಹಾಯುದ್ಧದ ಬಾಂಬರ್ ವಿಮಾನಗಳಿಗೆ ಬಣ್ಣ ಬಳಿಯುವವನಿಗೆ ತಿಂಗಳಿಗೊಂದು ಫಜೀತಿ ಖಾಯಂ. ನಾನಾಗಿ ಹುಡುಕಿಕೊಂಡು ಹೋಗುವುದಿಲ್ಲ, ಅದೇ ವಿಳಾಸ ಕೇಳಿಕೊಂಡು ಬರುತ್ತದೆ.

ಬಣ್ಣ ಬಳಿಯುವುದೆಂದರೆ ಏಣಿ ಹತ್ತಿ ಅಲ್ಲ. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟವೊಂದಿದೆ, ಸಿಮ್ಯುಲೇಟರ್ ಎನ್ನುತ್ತಾರೆ. ಅದರಲ್ಲಿರುವ ವಿಮಾನದ ಮೈಬಣ್ಣವನ್ನು ನಾವೇ ಚಿತ್ರವಾಗಿ ಬರೆದು ಅದಕ್ಕೆ ತೊಡಿಸಬಹುದು. ಹಾಗೆ ತೊಡಿಸುವವರ ಬಳಗವೊಂದು ಇಂಟರ್ನೆಟ್ಟಿನಲ್ಲಿದೆ. ಮನಸ್ಸಿಗೆ ಬಂದ ಬಣ್ಣ ಹಾಕುವಂತಿಲ್ಲ. ಹಳೆಯ ಫೋಟೊದಲ್ಲಿ ಆ ವಿಮಾನ ಹೇಗಿತ್ತೋ ಹಾಗೇ ಇರಬೇಕು, ಒಂದು ಕಲೆ ಕೂಡ ಹೆಚ್ಚುಕಮ್ಮಿ ಆಗಕೂಡದು. ಸರಿಯಿದೆಯೇ ಎಂದು ನೋಡುವವರು ವಿದೇಶದಲ್ಲಿರುವ ಒಬ್ಬ ನಿವೃತ್ತ ಟೀಚರಮ್ಮ. ಮೊದಲ ಸಾಲಿನಲ್ಲಿ ಹೊಗಳುತ್ತಾರೆ, ಎರಡನೇ ಸಾಲಿನಲ್ಲಿ ಫೇಲು ಮಾಡುತ್ತಾರೆ. ಒಂದು ವಿಮಾನಕ್ಕೆ ಮೂರು ಅವಕಾಶ. ಮೂರನೆಯದೂ ತಪ್ಪಿದರೆ ಆ ವಿಮಾನ ಬೇರೆಯವರ ಪಾಲು.

ನನ್ನ ಪಾಲಿಗೆ ಬಂದದ್ದು ‘ಲೇಝಿ ಮಾರ್ಗರೆಟ್’, ಅಂದರೆ ಸೋಮಾರಿ ಮಾರ್ಗರೆಟ್. ನಾಲ್ಕು ಇಂಜಿನ್ನಿನ ದೊಡ್ಡ ಬಾಂಬರ್. ಅದರ ಮೂತಿಯ ಮೇಲೆ ಯಾರೋ ಸೈನಿಕ ಬ್ರಶ್ ಹಿಡಿದು ಇಂಗ್ಲಿಷಿನಲ್ಲಿ ಆ ಹೆಸರು ಬರೆದಿದ್ದ. ನಾನು ಫ್ಲೆಕ್ಸ್ ಬರುವ ಮುಂಚೆ ಇಪ್ಪತ್ತು ವರ್ಷ ಕೈಯಲ್ಲಿ ಬೋರ್ಡ್ ಬರೆದವನು. ಫ್ಲೆಕ್ಸ್ ಬಂದಮೇಲೆ ನನ್ನ ಬ್ರಶ್ಶುಗಳು ಡಬ್ಬಿಯಲ್ಲೇ ಒಣಗಿದವು, ಅದರ ಸಂಕಟ ನನಗೇ ಗೊತ್ತು. ಈಗ ಲೋಕದಲ್ಲಿ ಕೈಬರಹವೇ ಬೇಕು ಎಂದು ಹಟ ಹಿಡಿಯುವವರು ಈ ಟೀಚರಮ್ಮ ಒಬ್ಬರೇ. ಹಾಗಾಗಿ ಮಾರ್ಗರೆಟ್ಟನ್ನು ಬಿಟ್ಟುಕೊಡುವುದು ನನ್ನಿಂದ ಆಗದ ಮಾತಾಗಿತ್ತು.

ಗುಜರಿ

ಕೋಲಸಿರ್ಸಿ ಕಡೆಯ ಹಿರಿಯರೊಬ್ಬರು ಗೃಹಪ್ರವೇಶದ ಫ್ಲೆಕ್ಸ್ ಮಾಡಿಸಲು ಬಂದಿದ್ದರು. ನನ್ನ ಕಂಪ್ಯೂಟರಿನ ಮೇಲೆ ಮಾರ್ಗರೆಟ್ ರೆಕ್ಕೆ ಚಾಚಿ ಮಲಗಿತ್ತು. ಕುರ್ಚಿ ಎಳೆದುಕೊಂಡು ಹತ್ತಿರ ಬಂದು, ಇದು ಯಾರದ್ದು ಎಂದು ವಿಚಾರಿಸಿದರು. ಯುದ್ಧಕಾಲದ್ದು ಎಂದೆ. ಈಗ ಎಲ್ಲಿದೆ ಎಂದರು. ಯುದ್ಧ ಮುಗಿದ ಮೇಲೆ ಒಡೆದು ಗುಜರಿಗೆ ಹಾಕಿದರಂತೆ ಎಂದೆ. ಅವರು ನನ್ನನ್ನೊಮ್ಮೆ, ವಿಮಾನವನ್ನೊಮ್ಮೆ ನೋಡಿದರು.

ನಾನು ಹುರುಪಿನಿಂದ ರೆಕ್ಕೆಯ ಹಸಿರು, ಹೊಟ್ಟೆಯ ಕಪ್ಪು, ಮೊಳೆಗಳ ಸಾಲು ಎಲ್ಲವನ್ನೂ ವಿವರಿಸಿದೆ. ಮೂರು ತಿಂಗಳಿಂದ ಮಾಡುತ್ತಿದ್ದೇನೆ ಎಂದೂ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, ಎದ್ದು ಹೊರಡುವಾಗ ಮೆಲ್ಲಗೆ ಅಂದರು:

“ಗುಜರಿಗೆ ಹೋದದ್ದಕ್ಕೆ ಇಷ್ಟು ಚಂದ ಬಣ್ಣ ಹೊಡಿತ್ರಿ ಹೇಳಾದ್ರೆ ನಮ್ಮನೆ ಜೀಪು ತರ್ತೆ. ಅದು ಇನ್ನೂ ಓಡ್ತು.”

ಯುದ್ಧಕ್ಕೋ ಮದುವೆಗೋ

ನಮ್ಮ ಅಂಗಡಿಯಲ್ಲಿ ಮದುವೆ ಫೋಟೊಗಳನ್ನು ತಿದ್ದುವ ಹೆಂಗಸೊಬ್ಬಳಿದ್ದಾಳೆ. ಹನ್ನೆರಡು ವರ್ಷದಿಂದ ಇದ್ದಾಳೆ, ನನ್ನನ್ನು ಅಣ್ಣ ಎನ್ನುತ್ತಾಳೆ. ಮೊಡವೆ, ಬೆವರು, ಕಣ್ಣ ಕೆಳಗಿನ ಕಪ್ಪು ಯಾವುದೂ ಅವಳ ಕೈಯಲ್ಲಿ ಉಳಿಯುವುದಿಲ್ಲ. ಮೂರು ದಿನ ನಿದ್ದೆಗೆಟ್ಟ ಮದುಮಗನನ್ನು ಆಗತಾನೇ ಮಿಂದು ಬಂದವನಂತೆ ಮಾಡಿ ಕೊಡುತ್ತಾಳೆ.

ನಾನು ಮಾರ್ಗರೆಟ್ಟನ್ನು ಮೊದಲ ಸಲ ಕಳಿಸುವ ದಿನ ಯಲ್ಲಾಪುರದಲ್ಲಿ ಕೆಲಸವಿತ್ತು. ಎಲ್ಲ ಮುಗಿಸಿ ಅಂಗಡಿಯ ಕಂಪ್ಯೂಟರಿನಲ್ಲಿ ಮದುವೆ ಫೋಟೊಗಳ ಪಕ್ಕದಲ್ಲೇ ಇಟ್ಟು ಹೋಗಿದ್ದೆ. ಬಂದವನು ತೆರೆದೂ ನೋಡದೆ ಕಳಿಸಿಬಿಟ್ಟೆ. ಎರಡು ದಿನ ಬಿಟ್ಟು ಟೀಚರಮ್ಮನ ಉತ್ತರ ಬಂತು. ಕೆಲಸ ಬಹಳ ಅಂದವಾಗಿದೆ, ಆದರೆ ಒಂದು ಅನುಮಾನ: ಈ ವಿಮಾನ ಯುದ್ಧಕ್ಕೆ ಹೊರಟಿದೆಯೋ ಮದುವೆಗೆ ಹೊರಟಿದೆಯೋ?

ತೆರೆದು ನೋಡಿದರೆ ಇಂಜಿನ್ನಿನ ಹಿಂದಿನ ಮಸಿ ಇಲ್ಲ, ಎಣ್ಣೆ ಸೋರಿದ ಗುರುತಿಲ್ಲ, ಗುಂಡು ಬಿದ್ದಲ್ಲಿ ಹಚ್ಚಿದ ತೇಪೆಯೂ ಇಲ್ಲ. ಮಾರ್ಗರೆಟ್ ಮೈತುಂಬ ಹೊಳೆಯುತ್ತಿತ್ತು. ಫೋಟೊ ತಿದ್ದುವವಳನ್ನು ಕರೆದು ಕೇಳಿದರೆ ಅವಳಿಗೇ ನನ್ನ ಮೇಲೆ ಬೇಜಾರು. ಅಷ್ಟೊಂದು ಕಲೆ ಇತ್ತು, ಅಣ್ಣನಿಗೆ ಪುರಸೊತ್ತಿಲ್ಲ ಎಂದು ಊಟಕ್ಕೂ ಹೋಗದೆ ತೆಗೆದಿದ್ದಳಂತೆ. ಟೀಚರಮ್ಮ ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿದೆ. ಅವಳು ಯೋಚಿಸಿ ಹೇಳಿದಳು:

“ನಮ್ಮ ಅಂಗಡಿಯಿಂದ ಯುದ್ಧಕ್ಕೆ ಹೋಗೂದೂ ಉಂಟು ಅಂತ ಮೊದಲೇ ಹೇಳಬೇಕಿತ್ತು ನೀವು.”

ಹಮಾಲಿ ಇಲ್ಲದ ಲೋಡು

ಒಂದು ಅವಕಾಶ ಹೋಯಿತು. ಅಳಿಸಿದ ಕೊಳೆಯನ್ನು ಮತ್ತೆ ಹಚ್ಚುವ ಮುಂಚೆ, ಕೊಳೆಯ ಬಗ್ಗೆ ತಿಳಿದವರನ್ನೇ ಕೇಳೋಣ ಎಂದು ಯಲ್ಲಾಪುರಕ್ಕೆ ಹೋದೆ. ಅಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುವ ಹಿರಿಯರೊಬ್ಬರಿದ್ದಾರೆ. ನನಗೆ ಚಾಚಾ. ಯಾವ ಲಾರಿ ಯಾವ ಘಾಟಿಯಲ್ಲಿ ಹೆಚ್ಚು ಓಡಿದೆ ಎಂದು ಮಡ್‌ಗಾರ್ಡ್ ನೋಡಿ ಹೇಳುವವರು.

ಕೊಳೆ ಅಳಿಸುವ ಮುಂಚೆ ಮೊಬೈಲಿನಲ್ಲಿ ತೆಗೆದಿಟ್ಟಿದ್ದ ಮಾರ್ಗರೆಟ್ಟಿನ ಫೋಟೊ ತೋರಿಸಿದೆ. ಚಾಚಾ ಕನ್ನಡಕ ಏರಿಸಿ, ಡ್ರೈವರ್ ಯಾವ ಕಡೆಯಿಂದ ಹತ್ತುತ್ತಾನೆ ಎಂದು ಕೇಳಿದರು. ಹೊಟ್ಟೆಯ ಕೆಳಗಿನ ಬಾಗಿಲು ತೋರಿಸಿದೆ. ಹಾಗಾದರೆ ಅಲ್ಲಿ ಬಣ್ಣ ಏಕೆ ಉಳಿದಿದೆ, ಕಾಲು ಇಟ್ಟಲ್ಲಿ, ಕೈ ಹಿಡಿದಲ್ಲಿ ಮೊದಲು ಬಣ್ಣ ಹೋಗಬೇಕು ಎಂದರು. ಎಣ್ಣೆಯ ಗುರುತನ್ನು ನಾನು ಕೆಳಗೆ ಇಳಿಸಿದ್ದೆ. ಓಡುವ ಗಾಡಿಯಲ್ಲಿ ಎಣ್ಣೆ ಹಿಂದಕ್ಕೆ ಹೋಗುತ್ತದೆ ಎಂದು ಬೆರಳಲ್ಲಿ ಗೆರೆ ಎಳೆದು ತೋರಿಸಿದರು. ಮನೆಗೆ ಬಂದು ಹಳೆಯ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಚಾಚಾ ಹೇಳಿದಲ್ಲೆಲ್ಲ ಹಾಗೆಯೇ ಇತ್ತು. ವಿಮಾನವನ್ನೇ ಹತ್ತಿರದಿಂದ ನೋಡದ ಮನುಷ್ಯ, ನನಗೆ ಆ ದಿನ ಅವರ ಕಾಲಿಗೆ ಬೀಳುವಷ್ಟು ಗೌರವ ಬಂತು.

ಆ ದಿನ ನಾನು ಅಲ್ಲಿಂದ ಹೊರಡುವ ಮುಂಚೆ ಚಾಚಾಗೂ ಒಂದು ಅನುಮಾನ ಬಂದಿತ್ತು. ಇದಕ್ಕೆ ಲೋಡು ಎಷ್ಟು, ಎಲ್ಲಿಂದ ಇಳಿಸುತ್ತಾರೆ ಎಂದರು. ಹೊಟ್ಟೆಯ ಬಾಗಿಲು ತೆರೆದರೆ ಕೆಳಗೆ ಬೀಳುತ್ತದೆ ಎಂದೆ.

“ಗಾಡಿ ನಿಲ್ಲಿಸದೇ?” ಎಂದರು ಚಾಚಾ.

ಹೌದು ಎಂದೆ. ಚಾಚಾ ಮೊಬೈಲನ್ನು ಎರಡೂ ಕೈಯಲ್ಲಿ ವಾಪಸು ಕೊಟ್ಟರು. “ಹಮಾಲರ ಕಿರಿಕಿರಿನೇ ಇಲ್ಲ ಬಿಡ್ರಿ. ಒಳ್ಳೇ ಲೈನು.”

ಬೇಕೆಂದೇ ಸೊಟ್ಟ

ಚಾಚಾನ ಕೊಳೆಯೊಂದಿಗೆ ಎರಡನೇ ಸಲ ಕಳಿಸಿದೆ. ಟೀಚರಮ್ಮ ಕೊಳೆಯನ್ನು ಬಾಯ್ತುಂಬ ಹೊಗಳಿದರು. ಎರಡನೇ ಸಾಲಿನಲ್ಲಿ ಹೆಸರಿಗೆ ಬಂದರು. ಫೋಟೊದಲ್ಲಿ ಬರೆದವನು ಮೊದಲ ಅಕ್ಷರಗಳನ್ನು ಇಷ್ಟಗಲ ಬರೆದು, ಕೊನೆಗೆ ಜಾಗ ಸಾಲದೆ ಮೂರು ಅಕ್ಷರಗಳನ್ನು ಒತ್ತಿ ತುರುಕಿದ್ದಾನೆ. ನೀವು ಎಲ್ಲವನ್ನೂ ಸಮ ಮಾಡಿದ್ದೀರಿ, ದಯವಿಟ್ಟು ಸರಿಪಡಿಸಬೇಡಿ ಎಂದು ಬರೆದಿದ್ದರು.

ಎರಡನೇ ಅವಕಾಶವೂ ಹೋಯಿತು. ಆದರೆ ನಾನು ಬೇಕೆಂದು ಸಮ ಮಾಡಿದ್ದಲ್ಲ. ನನ್ನ ಕೈಗೆ ಹಾಗೇ ಬರುತ್ತದೆ. ತಗಡಿನ ಮೇಲೆ ಬ್ರಶ್ಶಿನಲ್ಲಿ ಬರೆದು, ಅದರ ಫೋಟೊ ತೆಗೆದು ವಿಮಾನಕ್ಕೆ ಅಂಟಿಸುವುದು ನನ್ನ ಪದ್ಧತಿ. ಒಂದು ವಾರ ಸೊಟ್ಟ ಬರೆಯಲು ಕೂತೆ. ಕೈ ಒಪ್ಪಲಿಲ್ಲ. ಬೇಕೆಂದೇ ವಾಲಿಸಿದ ಅಕ್ಷರವೂ ಅಳತೆ ಮಾಡಿ ವಾಲಿಸಿದಂತೆ ಕಾಣುತ್ತಿತ್ತು. ಕೊನೆಗೆ ಒಂದು ತಗಡನ್ನು ಹೆಂಡತಿಗೆ ತೋರಿಸಿದೆ.

“ಕುಡೀದೇ ಇದ್ದವ ನಾಟಕದಲ್ಲಿ ಕುಡುಕನ ಪಾರ್ಟು ಮಾಡಿದ ಹಾಂಗೆ ಉಂಟು” ಎಂದು ಒಳಗೆ ಹೋದಳು.

ಸಿದ್ದಾಪುರದ ಪೇಂಟರು

ಸೊಟ್ಟ ಬರಹ ಎಂದಕೂಡಲೇ ಸುತ್ತಲಿನ ಮೂರು ತಾಲೂಕಿಗೂ ನೆನಪಾಗುವವರು ಒಬ್ಬರೇ, ಸಿದ್ದಾಪುರದ ಪೇಂಟರು. ಅವರ ಬೋರ್ಡಿನಲ್ಲಿ ಮೊದಲ ಅಕ್ಷರ ಆನೆಯಷ್ಟಿದ್ದರೆ ಕೊನೆಯದು ಇರುವೆಯಷ್ಟು. ಒಮ್ಮೆ ಗೋಡೆಯೊಂದರ ಮೇಲೆ ‘ಇಲ್ಲಿ ವಾಹನ ನಿಲ್ಲಿಸಬಾರದು’ ಎಂದು ಬರೆದರು. ‘ಬಾರದು’ ಬರುವಷ್ಟರಲ್ಲಿ ಗೋಡೆ ಮುಗಿಯಿತು. ಅದನ್ನು ಮೂಲೆಯಲ್ಲಿ ಸಣ್ಣದಾಗಿ ಬರೆದರು. ದೂರದಿಂದ ‘ಇಲ್ಲಿ ವಾಹನ ನಿಲ್ಲಿಸ’ ಇಷ್ಟೇ ಕಾಣುತ್ತಿತ್ತು. ಜನ ನಿಲ್ಲಿಸಿದರು.

ಈ ಕತೆಯನ್ನು ಇಪ್ಪತ್ತು ವರ್ಷ ಎಲ್ಲ ಕಡೆ ಹೇಳಿ ನಗಿಸಿದವನು ನಾನೇ. ಅವರೆದುರಿಗೂ ಒಮ್ಮೆ ಹೇಳಿದ್ದೆ. ಈಗ ಅವರ ಮನೆ ಬಾಗಿಲಿಗೆ ತಗಡು ಹಿಡಿದುಕೊಂಡು ಹೋಗುವಾಗ ನಾಚಿಕೆಯಾಗದೆ ಇರಲಿಲ್ಲ. ಬಸ್ಸಿನಲ್ಲಿ ಎರಡು ಸಲ ವಾಪಸು ಹೋಗೋಣ ಎನಿಸಿತು. ಆದರೆ ಉಳಿದಿದ್ದು ಒಂದೇ ಅವಕಾಶ.

ಅವರು ಚಹಾ ಕೊಟ್ಟು ಕೂರಿಸಿದರು. ವಿದೇಶಕ್ಕೆ ಹೋಗುವ ಕೆಲಸ, ನಿಮ್ಮ ಕೈಯಲ್ಲೇ ಆಗಬೇಕು ಎಂದೆ. ಮುಖ ಅರಳಿತು. ಒಳಗೆ ಹೋಗಿ ಸ್ಕೇಲು, ದಾರ, ಸೀಮೆಸುಣ್ಣ ತಂದರು. ಜನ್ಮದಲ್ಲಿ ಮೊದಲ ಬಾರಿಗೆ ಆ ಮನುಷ್ಯ ಅಳತೆ ಮಾಡಿ, ಗೆರೆ ಹಾಕಿ, ಉಸಿರು ಬಿಗಿಹಿಡಿದು ಬರೆದರು. ಮಾರ್ಗರೆಟ್ ಕೊನೆಯ ಅಕ್ಷರದವರೆಗೂ ಸಾಲಾಗಿ, ಸಮನಾಗಿ ನಿಂತಳು. ನಾನೂ ಅಷ್ಟು ಚಂದ ಬರೆದಿರಲಿಲ್ಲ.

“ನೀವು ಅಷ್ಟು ದೂರದಿಂದ ನನ್ನನ್ನೇ ಹುಡುಕ್ಕಂಡು ಬಂದೀರಿ,” ಎಂದರು. “ನಿಮಗೆ ಕೆಟ್ಟದ್ದು ಬರ್ದು ಕೊಡೂಕಾಗ್ತದಾ?”

ಬೇರೆ ದಾರಿಯಿರಲಿಲ್ಲ. ಹಳೆಯ ಫೋಟೊ ತೋರಿಸಿ, ನಿಜ ಹೇಳಿದೆ. ಅವರು ಫೋಟೊವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಎದ್ದು ಹೋಗಿ ಎಂದರೆ ಹೋಗಲು ತಯಾರಾಗಿ ಕುಳಿತಿದ್ದೆ. ಅವರು ಮಾತ್ರ ಬರೆದ ಸೈನಿಕನ ಪರವಾಗಿ ಮಾತಾಡಿದರು.

“ಮೊದಲ ಅಕ್ಷರ ಬರೆವಾಗ ಖುಷಿ ಇರ್ತದೆ ಅಲ್ರಾ. ಆಗ ಕೊನೆಯದರ ನೆನಪು ಯಾರಿಗೆ ಬರ್ತದೆ?”

ಇಪ್ಪತ್ತು ವರ್ಷ ನಾನು ನಕ್ಕದ್ದು ಇದಕ್ಕೋ ಎಂದು ನನಗೆ ನಿಜವಾಗಿ ಬೇಸರವಾಯಿತು. ಅದನ್ನು ಹೇಳಿಯೂ ಬಿಟ್ಟೆ. ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಸ್ಕೇಲು ಬದಿಗಿಟ್ಟು, ನನ್ನ ಹತ್ತಿರ ಹಳೆಯ ಪೇಂಟರುಗಳ ಸುದ್ದಿ ಹೇಳುತ್ತ ಇನ್ನೊಂದು ತಗಡಿನ ಮೇಲೆ ಬರೆದರು. ಕೊನೆಯ ಮೂರು ಅಕ್ಷರ ಅಂಚಿನಲ್ಲಿ ಬಸ್ಸಿನ ಬಾಗಿಲಿಗೆ ಜೋತುಬಿದ್ದವರಂತೆ ನಿಂತವು. ಫೋಟೊದ ಪಕ್ಕ ಇಟ್ಟರೆ ಒಂದೇ ಕೈ. ಸಂತೋಷಕ್ಕೆ ಏನು ಬೇಕಾದರೂ ಕೇಳಿ ಎಂದುಬಿಟ್ಟೆ.

“ನಿಮ್ಮ ಅಂಗಡಿ ಬೋರ್ಡು ನಾನೇ ಬರೀಬೇಕು” ಎಂದರು.

ಸಿ

ಮೂರನೇ ಸಲ ಮಾರ್ಗರೆಟ್ ಪಾಸಾದಳು. ಟೀಚರಮ್ಮ ಆ ಸಲ ಎರಡನೇ ಸಾಲು ಬರೆಯಲೇ ಇಲ್ಲ. ಆ ಪತ್ರವನ್ನು ಪ್ರಿಂಟು ತೆಗೆದು ಗಲ್ಲಾಪೆಟ್ಟಿಗೆಯ ಮೇಲೆ ಅಂಟಿಸಿದ್ದೇನೆ.

ಮುಂದಿನ ವಾರ ಪೇಂಟರು ಶಿರಸಿಗೆ ಬಂದರು. ನನ್ನ ಅಂಗಡಿಯ ಹೆಸರು ‘ಸುಂದರಾಕ್ಷರ ಆರ್ಟ್ಸ್, ಶಿರಸಿ’. ನಾನೇ ಏಣಿ ಹಿಡಿದು ನಿಂತೆ. ‘ಸುಂದರಾಕ್ಷರ’ ಬಹಳ ಖುಷಿಯಲ್ಲಿ ಬಂತು. ‘ಆರ್ಟ್ಸ್’ ಸ್ವಲ್ಪ ಮೈ ಹಿಡಿಮಾಡಿಕೊಂಡಿತು. ‘ಶಿರ’ ಒಳಗೆ ಹೇಗೋ ತೂರಿಕೊಂಡಿತು. ‘ಸಿ’ಗೆ ಬೋರ್ಡಿನಲ್ಲಿ ಜಾಗವಿರಲಿಲ್ಲ. ಪೇಂಟರು ಒಂದು ಗಳಿಗೆಯೂ ಹಿಂಜರಿಯದೆ ಅದನ್ನು ಪಕ್ಕದ ಕಂಬದ ಮೇಲೆ ಬರೆದು ಇಳಿದರು. ಕೆಳಗಿನಿಂದ ತಲೆ ಓರೆ ಮಾಡಿ ನೋಡಿ, ಬೋರ್ಡು ಸಣ್ಣದಾಯಿತು ಎಂದರು. ಹೌದು ಎಂದೆ. ನನ್ನ ಮನಸ್ಸಿಗೆ ಹಿತವೇ ಆಯಿತು.

ಮರುದಿನ ಅಂಗಡಿಯ ಜಾಹೀರಾತಿಗೆಂದು ಬೋರ್ಡಿನ ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಇಟ್ಟಿದ್ದೆ. ಮಧ್ಯಾಹ್ನ ನೋಡಿದರೆ ಎಲ್ಲ ಅಕ್ಷರಗಳೂ ಸಮನಾಗಿವೆ, ಕಂಬ ಖಾಲಿ, ‘ಸಿ’ ಬೋರ್ಡಿನೊಳಗೆ ಸಂಭಾವಿತನಂತೆ ಕೂತಿದೆ. ನಮ್ಮ ತಿದ್ದುವವಳನ್ನು ಕರೆದೆ. ಇದು ಇದ್ದ ಹಾಗೇ ಇರಬೇಕು, ‘ಸಿ’ಯನ್ನು ವಾಪಸು ಕಂಬಕ್ಕೆ ಹಾಕು ಎಂದೆ. ನೋಡಿದವರು ನಗುವುದಿಲ್ಲವೇ ಎಂದಳು. ನಗಲಿ ಎಂದೆ.

ಅವಳು ಕುರ್ಚಿ ಎಳೆದುಕೊಂಡು ಕೂತು, ಮೌಸಿನ ಮೇಲೆ ಕೈಯಿಟ್ಟು, ನನ್ನ ಕಡೆ ತಿರುಗಿದಳು.

“ಅಣ್ಣಾ, ಒಂದು ಹೇಳಿಬಿಡಿ. ಇದು ಹೋಗೂದು ಯುದ್ಧಕ್ಕಾ, ಮದುವೆಗಾ?”

“ಯುದ್ಧಕ್ಕೆ” ಎಂದೆ.